ಪ್ಯಾನ್ ನಂಬರಿನ ಜಾತಕ

ಬೆಂಗಳೂರಿನ ಯಾವ ಮಾಲ್‌ಗೆ ಹೋದರೂ ಎಸ್ಕಲೇಟರಿನ ಬುಡದಲ್ಲಿ ಕೊರಳಿಗೆ ಟ್ಯಾಗು ಹಾಕಿಕೊಂಡ ಹುಡುಗನೊಬ್ಬ ನಿಂತಿರುತ್ತಾನೆ. ‘ಸರ್, ಲೈಫ್‌ಟೈಮ್ ಫ್ರೀ ಕ್ರೆಡಿಟ್ ಕಾರ್ಡು, ಎರಡೇ ನಿಮಿಷ’ ಎಂದು ಗಂಟುಬೀಳುತ್ತಾನೆ. ಕಾರ್ಡು ಆರಿಸಿಕೊಳ್ಳುವವರು ತಾವೇ ಎಂದು ನಿಂತವರಿಗೆ ಅನ್ನಿಸುತ್ತದೆ. ಹುಡುಗ ಟ್ಯಾಬಿನಲ್ಲಿ ಪ್ಯಾನ್ ನಂಬರು ಒತ್ತಿದ ಕ್ಷಣವೇ ಆ ಕಡೆ ಬ್ಯಾಂಕು ಅವರ ಸಾಲದ ಜಾತಕ ತೆಗೆಸಿ ನೋಡುತ್ತಿರುತ್ತದೆ. ಆಯ್ಕೆಯ ಮೊದಲ ಸುತ್ತು ಬ್ಯಾಂಕಿನದು. ಗ್ರಾಹಕರ ಸರದಿ ಆಮೇಲೆ.

ಈ ಜಾತಕ ಬರೆಯುವ ಸಂಸ್ಥೆಗಳು ದೇಶದಲ್ಲಿ ನಾಲ್ಕಿವೆ. 2000ನೇ ಇಸವಿಯಲ್ಲಿ ಹುಟ್ಟಿದ ಸಿಬಿಲ್ ಹಿರಿಯಣ್ಣ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಉಳಿದವು. ಅವು ಕೊಡುವ ಅಂಕ, ಅಂದರೆ ಸ್ಕೋರು, 300ರಿಂದ 900ರವರೆಗೆ. 750 ದಾಟಿದರೆ ಬ್ಯಾಂಕುಗಳು ಕುರ್ಚಿ ಹಾಕಿ ಕೂರಿಸುತ್ತವೆ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆಯಿದೆ. ತನ್ನ ಸ್ಕೋರನ್ನು ತಾನೇ ನೋಡಿಕೊಂಡರೆ ಅದು ಇಳಿಯುತ್ತದೆ ಎಂಬ ಭಯ ಹಲವರಿಗಿದೆ, ಅದು ಸುಳ್ಳು. ಕಂಡ ಕಂಡ ಬ್ಯಾಂಕಿಗೆಲ್ಲ ಅರ್ಜಿ ಗುಜರಾಯಿಸಿದರೆ ಮಾತ್ರ ಪ್ರತಿ ವಿಚಾರಣೆಯೂ ದಾಖಲಾಗಿ, ಈ ಮನುಷ್ಯನಿಗೆ ದುಡ್ಡಿನ ಹಪಾಹಪಿ ಎಂಬ ಗುಮಾನಿ ಹುಟ್ಟುತ್ತದೆ.

ಈ ಪದ್ಧತಿಯ ದೊಡ್ಡ ತಮಾಷೆ ಬೇರೆಯೇ ಇದೆ. ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರನ್ನು ಊಹಿಸಿಕೊಳ್ಳಿ. ಸ್ಕೂಟರು ತಂದದ್ದು ನಗದಿಗೆ, ಮನೆ ಕಟ್ಟಿದ್ದು ಪಿ.ಎಫ್. ಹಣದಲ್ಲಿ. ಜೀವಮಾನದಲ್ಲಿ ಒಬ್ಬರ ಹತ್ತಿರವೂ ಕೈಚಾಚಿದವರಲ್ಲ. ಸಿಬಿಲ್ ಇಂಥವರಿಗೆ ಕೊಡುವ ಅಂಕ ಮೈನಸ್ ಒಂದು! ಇತಿಹಾಸವೇ ಇಲ್ಲ ಎಂದು ಅದರರ್ಥ. ಎರಡು ಗೃಹಸಾಲ, ಒಂದು ಕಾರ್ ಸಾಲ ಹೊತ್ತು ಏದುಸಿರು ಬಿಡುತ್ತ ಕಂತು ಕಟ್ಟುವ ಪಕ್ಕದ ಮನೆಯವನ ಸ್ಕೋರು 790 ಇರಬಹುದು. ಸಾಲ ಮಾಡದವನನ್ನು ನಂಬುವುದು ಹೇಗೆಂದು ಕಂಪ್ಯೂಟರಿಗೆ ಗೊತ್ತಿಲ್ಲ.

ಮೇಷ್ಟ್ರಿಗೂ, ನಿನ್ನೆ ಮೊನ್ನೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗಿಗೂ, ಹಳೆಯ ಕಂತು ತಪ್ಪಿಸಿ ಹೆಸರು ಕೆಡಿಸಿಕೊಂಡವನಿಗೂ ಹೊಂದುವ ಕಾರ್ಡು ಒಂದೇ: ಠೇವಣಿಯ ಮೇಲೆ ಕೊಡುವಂಥದ್ದು. ಒಂದು ಲಕ್ಷದ ಎಫ್.ಡಿ. ಇಟ್ಟರೆ ಬ್ಯಾಂಕಿಗೆ ತಕ್ಕಂತೆ ಸುಮಾರು ಎಪ್ಪತ್ತೈದು–ತೊಂಬತ್ತು ಸಾವಿರದ ಮಿತಿ ಸಿಗುತ್ತದೆ, ಠೇವಣಿಯ ಬಡ್ಡಿಯೂ ಬರುತ್ತಿರುತ್ತದೆ. ಕರೆಂಟ್ ಬಿಲ್ಲು, ಮೊಬೈಲ್ ಬಿಲ್ಲು ಅದಕ್ಕೆ ಹಚ್ಚಿ, ತಿಂಗಳು ತಿಂಗಳು ಪೂರ್ತಿ ತೀರಿಸುತ್ತ ಹೋದರೆ ಆರೇಳು ತಿಂಗಳಲ್ಲಿ ಮೈನಸ್ ಒಂದರ ಜಾಗದಲ್ಲಿ ನಿಜವಾದ ಅಂಕ ಮೂಡುತ್ತದೆ. ಮಿತಿಯ ಮೂರನೇ ಒಂದು ಪಾಲು ದಾಟಿ ಉಜ್ಜದಿದ್ದರೆ ಇನ್ನೂ ಚೆಂದ.

ಸ್ಕೋರು ಚೆನ್ನಾಗಿರುವವರ ಕಷ್ಟ ಇದಕ್ಕೆ ತಿರುವುಮುರುವು. ಅವರಿಗೆ ಎಲ್ಲ ಕಾರ್ಡೂ ಸಿಗುತ್ತದೆ. ಅಂಥವರು ಜಾಹೀರಾತು ನೋಡುವ ಬದಲು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು ಹರವಿಕೊಂಡು ಕೂರುವುದು ಲೇಸು. 999 ರೂಪಾಯಿ ವಾರ್ಷಿಕ ಶುಲ್ಕವೆಂದರೆ ಶೇ 18 ಜಿ.ಎಸ್.ಟಿ. ಸೇರಿ 1,179 ರೂಪಾಯಿ. ಶೇ 1 ಕ್ಯಾಶ್‌ಬ್ಯಾಕಿನ ಲೆಕ್ಕದಲ್ಲಿ ಆ ಶುಲ್ಕ ಹುಟ್ಟಬೇಕಾದರೇ ವರ್ಷಕ್ಕೆ 1.18 ಲಕ್ಷ ಖರ್ಚಾಗಬೇಕು. ಬೆಂಗಳೂರಿನ ಬಾಡಿಗೆದಾರರ ದೊಡ್ಡ ಖರ್ಚು ಬಾಡಿಗೆಯೇ. ಅದಕ್ಕೆ ಬಹುತೇಕ ಕಾರ್ಡುಗಳು ಪಾಯಿಂಟು ಕೊಡುವುದಿಲ್ಲ. ದಿನಾ ಬೈಕಿನಲ್ಲಿ ನಲವತ್ತು ಕಿಲೋಮೀಟರ್ ಓಡಾಡುವವರಿಗೆ ತೈಲ ಕಂಪನಿಯ ಜೊತೆಗೂಡಿದ ಕಾರ್ಡು ಹೊಂದೀತು. ವರ್ಷಕ್ಕೊಮ್ಮೆ ವಿಮಾನ ಹತ್ತುವವರು ಲೌಂಜಿನ ಉಪ್ಪಿಟ್ಟಿನಾಸೆಗೆ ಐದು ಸಾವಿರ ಶುಲ್ಕ ತೆರುವುದಕ್ಕಿಂತ ದರ್ಶಿನಿಯಲ್ಲಿ ತಿಂದು ಹೊರಡಬಹುದು.

ದರ್ಶಿನಿಯ ಮಾತು ಬಂತು. ಇಡ್ಲಿ, ಹಾಲು, ಔಷಧಿ ಎಲ್ಲಕ್ಕೂ ಕ್ಯೂಆರ್ ಸ್ಕ್ಯಾನ್ ಮಾಡುವವರಿಗೆ 2022ರಿಂದ ಯುಪಿಐಗೆ ಜೋಡಿಸಬಹುದಾದ ರುಪೇ ಕ್ರೆಡಿಟ್ ಕಾರ್ಡು ಇದೆ. ವ್ಯಾಪಾರಿಯ ಕ್ಯೂಆರ್‌ಗೆ ಮಾತ್ರ ಅದು ನಡೆಯುತ್ತದೆ, ಸ್ನೇಹಿತನ ಖಾತೆಗೆ ಹಣ ಹಾಕಲು ಆಗದು. 2024ರ ಸೆಪ್ಟೆಂಬರಿನಿಂದ ರುಪೇ, ವೀಸಾ, ಮಾಸ್ಟರ್‌ಕಾರ್ಡ್‌ಗಳಂಥ ಜಾಲಗಳಲ್ಲಿ ಯಾವುದು ಬೇಕೆಂದು ದೊಡ್ಡ ಬ್ಯಾಂಕುಗಳು ಕೇಳಲೇಬೇಕು. ಮಾಲಿನ ಹುಡುಗ ಅದನ್ನು ಕೇಳುವುದು ಅಪರೂಪ, ಬಾಯಿಬಿಟ್ಟು ಹೇಳಬೇಕು.

ಇಷ್ಟೆಲ್ಲ ಲೆಕ್ಕ ಪೂರ್ತಿ ಬಿಲ್ಲು ಕಟ್ಟುವವರಿಗೆ. ‘ಮಿನಿಮಮ್ ಡ್ಯೂ’ ಕಟ್ಟಿ ನೆಮ್ಮದಿಯಾಗಿರುವವರ ಕಥೆ ಬೇರೆ. ಇಪ್ಪತ್ತು ಸಾವಿರದ ಬಿಲ್ಲಿಗೆ ಶೇ 5ರಂತೆ ಸಾವಿರ ಕಟ್ಟಿದರು ಅನ್ನಿ. ಉಳಿದ ಹತ್ತೊಂಬತ್ತು ಸಾವಿರಕ್ಕೆ ತಿಂಗಳಿಗೆ ಶೇ 3.5ರಂತೆ ಬಡ್ಡಿ 665 ರೂಪಾಯಿ. ಬಡ್ಡಿಯ ಮೇಲೆ ಜಿ.ಎಸ್.ಟಿ. 120. ಮುಂದಿನ ತಿಂಗಳು ಕಟ್ಟುವ ಸಾವಿರದಲ್ಲಿ 785 ಅಲ್ಲಿಗೇ ಕರಗಿತು. ಹೊಸದಾಗಿ ಕೊಂಡ ಚಪ್ಪಲಿಗೂ ಕೊಂಡ ದಿನದಿಂದಲೇ ಬಡ್ಡಿ. ವಾರ್ಷಿಕ ಬಡ್ಡಿ ಶೇ 30 ಮೀರಿದರೆ ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಬಾಕಿ ಉಳಿಸಿಕೊಳ್ಳುವ ಅಭ್ಯಾಸವಿದ್ದವರಿಗೆ ಶೇ 5 ಕ್ಯಾಶ್‌ಬ್ಯಾಕು ಲಾಭವಲ್ಲ, ಬಲೆ.

ಹೊಂದದ ಕಾರ್ಡನ್ನು ಮುಚ್ಚುವುದೂ ಗ್ರಾಹಕರ ಹಕ್ಕು. ಬಾಕಿಯಿಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ದಂಡ ತೆರಬೇಕು. ಎಲ್ಲಕ್ಕಿಂತ ಹಳೆಯ ಕಾರ್ಡನ್ನು ಮಾತ್ರ ಸುಮ್ಮನೆ ಕಿತ್ತೆಸೆಯಬಾರದು. ಸ್ಕೋರಿಗೆ ಅದರ ವಯಸ್ಸೂ ಆಸ್ತಿ. ಇನ್ನು, ಮುಚ್ಚುತ್ತೇನೆ ಎಂದು ಫೋನು ಮಾಡಿದವರಿಗೆ ಆ ಕಡೆಯ ದನಿ ಎಷ್ಟೋ ಸಲ ವಾರ್ಷಿಕ ಶುಲ್ಕವನ್ನೇ ಮನ್ನಾ ಮಾಡಿಬಿಡುತ್ತದೆ.