ಹಳದಿ ಕೀ, ಬಿಳಿ ಕೀ

ಆನೆದಂತಕ್ಕೆ ಒಂದು ಗುಣ ಇದೆ. ಕತ್ತಲಲ್ಲಿಟ್ಟರೆ ಹಳದಿಗೆ ತಿರುಗುತ್ತೆ, ಬೆಳಕು ಬಿದ್ದರೆ ಬಿಳುಪು ಉಳಿಸಿಕೊಳ್ಳುತ್ತೆ. ಮುಚ್ಚಳ ಹಾಕಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ ಜೋಪಾನ ಮಾಡಿದ ಪಿಯಾನೋಗಳ ಕೀಗಳು ಹಳದಿಯಾಗಿರೋದು ಅದಕ್ಕೇ.

ನಮ್ಮ ಸಂಜೆ ಶಾಲೆಗೆ ಅಂಥದ್ದೇ ಒಂದು ಬಂದಿದೆ. ಮನೆ ಖಾಲಿ ಮಾಡ್ತಿದ್ದವರು ಕೊಟ್ಟರು, ಎಂಟು ಜನ ಸೇರಿ ಟೆಂಪೋಗೆ ಹತ್ತಿಸಿದ್ವಿ. 52 ಬಿಳಿ ಕೀಗಳಲ್ಲಿ ಮೂರು ಬೋಳು, ಕೆಳಗಿನ ಮರ ಕಾಣುತ್ತೆ. ಐದಕ್ಕೆ ಯಾವಾಗಲೋ ಯಾರೋ ಪ್ಲಾಸ್ಟಿಕ್ ಅಂಟಿಸಿದ್ದಾರೆ, ಹಾಲಿನಷ್ಟು ಬೆಳ್ಳಗೆ. ಉಳಿದವೆಲ್ಲ ಬೀಡಿ ಸೇದೋರ ಹಲ್ಲಿನ ಬಣ್ಣ. ನೋಡಿದವರದ್ದೆಲ್ಲ ಒಂದೇ ಸಲಹೆ: 'ಉಜ್ಜಿಸಿ ಎಲ್ಲಾ ಒಂದೇ ಬಿಳಿ ಮಾಡಿಸ್ರಿ.' ರಿಪೇರಿಗೆ ಬಂದವರೂ ಅದನ್ನೇ ಹೇಳಿದರು. ಬೇಡ ಅಂದೆ.

ಮೊದಲನೇ ಕಾರಣ ಸರಳ. ಕೀ ಪೂರ್ತಿ ದಂತದ್ದಲ್ಲ. ಮರದ ಮೇಲೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಬಿಲ್ಲೆ ಅಷ್ಟೆ. ಮುಂದಿನ ಅಗಲದ ತುಂಡು ಒಂದು, ಕರಿ ಕೀಗಳ ನಡುವೆ ಹೋಗೋ ಸಣ್ಣ ತುಂಡು ಇನ್ನೊಂದು. ಎರಡೂ ಸೇರೋ ಕಡೆ ಕೂದಲೆಳೆಯಂಥ ಗೆರೆ, ಮೇಲೆ ಮರದ ನರದಂಥ ಸಣ್ಣ ಸಣ್ಣ ಗೀರು ಕಂಡರೆ ಅದು ದಂತ ಅಂತ ಲೆಕ್ಕ. ಮರಳು ಕಾಗದ ಹಾಕಿದರೆ ಇರೋ ಅಷ್ಟೂ ಸವೆಯುತ್ತೆ. ನೀರು ಇಳಿದರೆ ಅಂಟು ಬಿಟ್ಟು ಬಿಲ್ಲೆ ಮೇಲೇಳುತ್ತೆ. ಬಟ್ಟೆ ಹಿಂಡಿ, ಒದ್ದೆ ಇದೆಯೋ ಇಲ್ಲವೋ ಅನ್ನೋ ಹಾಗೆ ಒರೆಸಿ, ಹಗಲು ಮುಚ್ಚಳ ತೆಗೆದಿಟ್ಟರೆ ಸಾಕು. ಹಳದಿ ಅಂದ್ರೆ ಕೊಳೆ ಅಲ್ಲ. ಸ್ವರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಎರಡನೇ ಕಾರಣ ದೂರದಿಂದ ಬಂದದ್ದು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಐವರಿಟನ್ ಅಂತ ಊರಿದೆ, ಹೆಸರು ಬಂದದ್ದೇ ದಂತದಿಂದ. ಪಕ್ಕದಲ್ಲೇ ಡೀಪ್ ರಿವರ್. 19ನೇ ಶತಮಾನದಲ್ಲಿ ಪಿಯಾನೋಗಳಿಗೆ ದಂತ ಕೊಯ್ದು ಕೊಡ್ತಿದ್ದ ದೊಡ್ಡ ಕಾರ್ಖಾನೆಗಳು ಅಲ್ಲಿದ್ವು. ಉದ್ದುದ್ದ ಗಾಜಿನ ಮನೆ ಕಟ್ಟಿ, ಕೊಯ್ದ ಬಿಲ್ಲೆಗಳನ್ನು ವಾರಗಟ್ಟಲೆ ಬಿಸಿಲಿಗೆ ಹರವಿ ಬೆಳ್ಳಗೆ ಮಾಡ್ತಿದ್ರು. ದಂತ ಬರ್ತಿದ್ದದ್ದು ಜಾಂಜಿಬಾರ್‌ನಿಂದ. ಪೂರ್ವ ಆಫ್ರಿಕಾದ ಒಳನಾಡಿನಿಂದ ಕರಾವಳಿವರೆಗೆ ನೂರಾರು ಮೈಲಿ ಅದು ಮನುಷ್ಯರ ಹೆಗಲ ಮೇಲೇ ಬರಬೇಕಿತ್ತು. ಹೊತ್ತವರಲ್ಲಿ ಕೂಲಿಯವರೂ ಇದ್ರು, ಗುಲಾಮರಾಗಿ ಹಿಡಿದು ತಂದವರೂ ಇದ್ರು. ಕರಾವಳಿ ಮುಟ್ಟಿದ ಮೇಲೆ ದಂತದ ಜೊತೆ ಈ ಗುಲಾಮರನ್ನೂ ಮಾರ್ತಿದ್ರು.

ಸತ್ತ ದನದ ಚರ್ಮ ಬಿಗಿದ ತಮಟೆ ನಮ್ಮ ಕೈಲಿದ್ದರೆ ಅದು ಮೈಲಿಗೆ, ಊರ ಹೊರಗೇ ಇರಬೇಕು. ಸತ್ತ ಆನೆಯ ಹಲ್ಲು ಅಂಟಿಸಿದ ಪಿಯಾನೋ ಮಾತ್ರ ನಡುಮನೆಯ ಮರ್ಯಾದೆ. ಇದನ್ನು ನಮ್ಮ ಹುಡುಗರಿಗೆ ಹೇಳಿದಾಗ ಒಬ್ಬಳು ಕೀ ಮೇಲಿಂದ ಕೈ ತೆಗೆದಳು. ಬಾರಿಸವ್ವಾ, ಹೊತ್ತು ತಂದವರಿಗೆ ಬಾರಿಸೋಕೆ ಕೊಟ್ಟಿರಲಿಲ್ಲ ಅಂದೆ.

ನನ್ನ ಕಾಡ್ತಿರೋದು ಡೀಪ್ ರಿವರ್‌ನ ಜಾರ್ಜ್ ರೀಡ್. ದಂತದ ಉದ್ಯಮಿ, ಜೊತೆಗೆ ಗುಲಾಮಗಿರಿಯ ಕಡು ವಿರೋಧಿ. ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಡೇನಿಯಲ್ ಫಿಶರ್ ಅನ್ನೋ ಗುಲಾಮನಿಗೆ ಆಸರೆ ಕೊಟ್ಟ. ಆತ ವಿಲಿಯಂ ವಿಂಟರ್ಸ್ ಅಂತ ಹೆಸರು ಬದಲಿಸಿಕೊಂಡು ಅದೇ ಊರಲ್ಲಿ ಬಾಳಿದ. ಅದು ಸಣ್ಣ ಧೈರ್ಯ ಅಲ್ಲ. ಆದರೆ ಬಾಗಿಲಿಗೆ ಬಂದವನು ಕಂಡ ಹಾಗೆ, ದಂತ ಹೊತ್ತವನು ಕಾಣಲಿಲ್ಲ. ವೇದಿಕೆ ಮೇಲೆ ನಮ್ಮನ್ನು ಅಪ್ಪಿಕೊಂಡು, ತಮ್ಮ ಅಪಾರ್ಟ್‌ಮೆಂಟಿನ ಮಲದ ಗುಂಡಿಗೆ ಇಳಿಯೋರು ಯಾರು ಅಂತ ಒಮ್ಮೆಯೂ ಕೇಳದ ಪ್ರಗತಿಪರ ಗೆಳೆಯರಿದ್ದಾರಲ್ಲ, ಅವರೇ ನೆನಪಾದ್ರು.

ಹಾಗಾಗಿ ಹಳದಿ ಹಾಗೇ ಇರುತ್ತೆ. ಮೂರು ಬೋಳು ಕೀಗೆ ದಂತ ತಂದುಕೊಡ್ತೀನಿ ಅಂತ ಒಬ್ಬರು ಪಿಸುಗುಟ್ಟಿದರು. ನಮ್ಮ ದೇಶದಲ್ಲಿ ದಂತದ ವ್ಯಾಪಾರ ಅಪರಾಧ. 1989ರಲ್ಲಿ ಜಗತ್ತಿನ ದೇಶಗಳು ಸೇರಿ ಆಫ್ರಿಕಾದ ದಂತಕ್ಕೂ ತಡೆ ಹಾಕಿದವು. ಪ್ಲಾಸ್ಟಿಕ್ಕೇ ಹಾಕಿಸ್ತೀವಿ, ಬಣ್ಣ ಹೊಂದದಿದ್ದರೆ ಹೊಂದದೇ ಇರಲಿ.

ಹಳೇ ಪಿಯಾನೋ ಬಿಚ್ಚೋರು, ಬಿಡಿ ಕೀ ಮಾರೋರು ಯಾರಾದ್ರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಶ್ರುತಿ ಮಾಡೋಕೂ ಒಬ್ಬರು ಬೇಕು. ಜೈಭೀಮ್.