ಡಿಕ್ಕಿಯಲ್ಲಿ ಹಿಡಿಯದ ಒಂದು ದಿನ

ಮನಾಲಿಯಿಂದ ಲೇಹ್‌ಗೆ ಕಾರಿನಲ್ಲಿ ಹೋಗುತ್ತೇವೆ ಎಂದರೆ ನೆಂಟರು ಕೇಳುವುದು ಎರಡೇ: ಗಾಡಿ ಮೈಲೇಜ್ ಎಷ್ಟು, ಅಲ್ಲಿ ಊಟಕ್ಕೇನು? ಎರಡನೆಯದಕ್ಕೆ ಅಕ್ಕ ಆಗಲೇ ಅವಲಕ್ಕಿ, ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಮೊದಲನೆಯದಕ್ಕೆ ಬಯಲುಸೀಮೆಯ ಲೆಕ್ಕ ನಡೆಯದು. ಚಂದ್ರಾ, ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ ಮುಂದಿನ ಬಂಕ್ 365 ಕಿಲೋಮೀಟರ್ ದೂರ ಎಂಬ ಬೋರ್ಡು ಪ್ರಸಿದ್ಧ. ಅದರ ಮುಂದೆ ಫೋಟೊ ತೆಗೆಸಿಕೊಳ್ಳುವ ಉತ್ಸಾಹದಲ್ಲಿ ಟ್ಯಾಂಕ್ ತುಂಬಿಸುವುದನ್ನೇ ಮರೆಯುವವರು ಇದ್ದಾರಂತೆ. ಕ್ಯಾನಿನಲ್ಲಿ ಇಂಧನ ಒಯ್ಯುವವರು ಬಾಯಿಮಟ್ಟ ತುಂಬಿಸಬಾರದು. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಒಳಗಿನ ಆವಿ ಉಬ್ಬುತ್ತದೆ. ಮುಚ್ಚಳ ತೆರೆಯುವಾಗ ಮುಖ ದೂರವಿರಲಿ.

ಸ್ಟೆಪ್ನಿ, ಜಾಕ್, ಪಂಕ್ಚರ್ ಕಿಟ್ಟು, ಕಂಬಳಿ, ಎಲ್ಲಕ್ಕೂ ಡಿಕ್ಕಿಯಲ್ಲಿ ಜಾಗವಿದೆ. ನಮ್ಮ ರಜೆಯಲ್ಲಿ ಮಾತ್ರ ಒಂದು ಹೆಚ್ಚುವರಿ ದಿನಕ್ಕೆ ಜಾಗವಿಲ್ಲ. ಅಲ್ಲಿ ಜೀವ ಉಳಿಸುವುದು ಆ ದಿನವೇ ಎನ್ನುವುದು ನನ್ನ ವಾದ.

2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಕಣಿವೆದಾರಿಯ ಸುತ್ತು ತಪ್ಪಿತು. ಒಂಬತ್ತು ಕಿಲೋಮೀಟರ್ ಕತ್ತಲೆ ದಾಟಿದರೆ ಲಾಹೌಲ್! ಅನುಕೂಲವೇನೋ ನಿಜ. ಆದರೆ ಎರಡು ಸಾವಿರ ಮೀಟರ್ ಎತ್ತರದ ಮನಾಲಿಯಲ್ಲಿ ತಿಂಡಿ ತಿಂದವರು ಅದೇ ದಿನ ಸುಮಾರು 4,900 ಮೀಟರಿನ ಬಾರಾಲಾಚಾ ಕಣಿವೆದಾರಿ ದಾಟಿ ಸರ್ಚುವಿನ ಟೆಂಟಿನಲ್ಲಿ ಮಲಗುತ್ತಾರೆ. ರಸ್ತೆ ಸುಧಾರಿಸಿತೆಂದು ಶ್ವಾಸಕೋಶವೂ ಸುಧಾರಿಸುತ್ತದೆಯೇ? ಕೇಲಾಂಗಿನಲ್ಲೋ ಜಿಸ್ಪಾದಲ್ಲೋ ಒಂದು ರಾತ್ರಿ ತಂಗಿ ಮೈ ಒಗ್ಗಿಸಿಕೊಳ್ಳಬೇಕು. ಅಲ್ಲಿಂದ ನಸುಕಿನಲ್ಲೇ ಹೊರಟರೆ ಇನ್ನೊಂದು ಲಾಭ. ರಸ್ತೆಗೆ ಅಡ್ಡ ಹರಿಯುವ ನಾಲಾಗಳಲ್ಲಿ ಬೆಳಗ್ಗೆ ಹಿಮ ಇನ್ನೂ ಕರಗಿರುವುದಿಲ್ಲ, ನೀರು ಕಮ್ಮಿ. ಮಧ್ಯಾಹ್ನದ ಬಿಸಿಲೇರಿದ ಮೇಲೆ ಅದೇ ನಾಲಾ ಕಲ್ಲು ಉರುಳಿಸಿಕೊಂಡು ಬರುತ್ತದೆ. ಆಗ ಈಚೆ ದಡದಲ್ಲಿ ನಿಂತು ಮರುದಿನದ ಬೆಳಗಿಗೆ ಕಾಯುವಷ್ಟು ಬಿಡುವು ಕೈಯಲ್ಲಿರಬೇಕು.

ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯದು. ಪೋಸ್ಟ್‌ಪೇಯ್ಡ್ ಇದ್ದರೂ ದಾರಿಯುದ್ದಕ್ಕೂ ಸಿಗ್ನಲ್ ಇಲ್ಲ. ಯಾವ ದಿನ ಎಲ್ಲಿರುತ್ತೇವೆ, ಯಾವಾಗಿನಿಂದ ಗಾಬರಿಯಾಗಬಹುದು ಎಂದು ಬರೆದು ಮನೆಯಲ್ಲಿ ಕೊಟ್ಟಿದ್ದೇನೆ. ಅಮ್ಮ ಅದನ್ನು ಓದಿ ಈಗಲೇ ಗಾಬರಿಯಾಗಿದ್ದಾರೆ.

ಉಳಿದದ್ದು ಒಂದೇ ಒಪ್ಪಂದ. ಯಾರಿಗೆ ತಲೆನೋವು, ವಾಕರಿಕೆ ಬಂದರೂ ಮುಚ್ಚಿಡಬಾರದು. ಮೇಲೆ ಹತ್ತುವುದು ಅಲ್ಲಿಗೇ ನಿಲ್ಲಬೇಕು, ಜಾಸ್ತಿಯಾದರೆ ಕೆಳಗಿಳಿಯಬೇಕು. ‘ಇಷ್ಟು ದೂರ ಬಂದು...’ ಎಂಬ ಮಾತನ್ನು ಯಾರೂ ಎತ್ತಕೂಡದು. ಎಲ್ಲರೂ ಒಪ್ಪಿದರು. ಭಾವ ಮಾತ್ರ, “ನನಗೇನೂ ಆಗಲ್ಲ ಬಿಡೋ” ಎಂದರು. ಸ್ಟೇರಿಂಗ್ ಹಿಡಿಯುವವರು ಅವರೇ ಆದ್ದರಿಂದ ಪಕ್ಕದ ಸೀಟು ನನ್ನದು ಎಂದು ಹೇಳಿಟ್ಟಿದ್ದೇನೆ.