ಜಾವಗಲ್ ರಸ್ತೆಯ ಗುಡುಗುಡಿ

ಅರಸೀಕೆರೆಯ ತೆಂಗಿನ ತೋಟಗಳನ್ನು ಹಿಂದೆ ಹಾಕಿ ಗಾಡಿ ಜಾವಗಲ್ ಕಡೆ ಹೊರಟಿತೆಂದರೆ ರಘು ದೀಕ್ಷಿತ್ ಹಾಡಲೇಬೇಕು. ಮಾತಾಡುವ ಚಪಲದವರು ಹಳೇಬೀಡಿನವರೆಗೆ ತಡೆದುಕೊಳ್ಳಬೇಕು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಮೀನು ಹಿಡಿಯುವುದು, ನನಗೆ ಇದು.

2008ರಲ್ಲಿ ಬಂದ ಅವರ ಮೊದಲ ಆಲ್ಬಂ ನನ್ನ ಪಾಲಿಗೆ ಇನ್ನೂ ಹಳತಾಗಿಲ್ಲ. ಅವರೇ ಕಟ್ಟಿದ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಷರೀಫರ ಗುಡುಗುಡಿ, ಯಾರಪ್ಪನ ಮನೆ ಗಂಟೇನು ಎಂಬಂತೆ ಕಾಲು ಚಾಚಿ ಕೂತಿದೆ. (ಇಂಗ್ಲಿಷಿನ ಪ್ರೇಮಗೀತೆ ಬಂದರೆ ನಾನು ಮುಂದಕ್ಕೆ ಓಡಿಸುತ್ತೇನೆ. ಮಗಳು ಮತ್ತೆ ಹಿಂದಕ್ಕೆ ತರುತ್ತಾಳೆ.) ಸಿನಿಮಾದ ಹಂಗಿಲ್ಲದೆ ತತ್ವಪದವೊಂದು ಕನ್ನಡ ಬಾರದ ಹುಡುಗರ ಬಾಯಿಗೂ ಬಂತಲ್ಲ, ಆ ಆಲ್ಬಮ್ಮಿನ ದೊಡ್ಡ ಕೆಲಸ ಅದೇ.

ನಮಗೆ ಷರೀಫರ ರುಚಿ ಹತ್ತಿಸಿದವರು ಸಿ. ಅಶ್ವತ್ಥ್, ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದಲ್ಲೇ ಹುಟ್ಟಿದವರು. ಅವರ ಏರುದನಿಯಲ್ಲಿ ಷರೀಫರು ಜಗಲಿಯ ಮೇಲೆ ನಿಂತು ಊರಿಗೆಲ್ಲ ಕೂಗಿ ಹೇಳುತ್ತಾರೆ. ಆ ದನಿಯ ಹಿಂದೆ ಬಿದ್ದವರು ಬಹಳ ಮಂದಿ, ದಕ್ಕಿಸಿಕೊಂಡವರು ಕಡಿಮೆ. ರಘು ಆ ಗೊಡವೆಗೇ ಹೋಗಲಿಲ್ಲ. ಗಿಟಾರ್ ಹಿಡಿದು, ಹುಕ್ಕವನ್ನು ಪಕ್ಕದಲ್ಲಿ ಕೂತವನ ಕೈಗೆ ದಾಟಿಸುವ ಸಲುಗೆಯಲ್ಲಿ ಹಾಡಿದರು. ದೇಹವೇ ಹುಕ್ಕ ಎನ್ನುವ ಪದ ಅದು. ಆ ಸಲುಗೆ ಅದಕ್ಕೆ ಒಪ್ಪುತ್ತದೆ.

ಚಿಕ್ಕಪ್ಪನಿಗೆ ಮಾತ್ರ ಸಮಾಧಾನವಿಲ್ಲ. “ಅಲ್ಲ ಕಣೋ, ತತ್ವಪದಕ್ಕೆ ಪಂಚೆ ಉಟ್ಟು ಗೆಜ್ಜೆ ಕಟ್ಟಿ ಕುಣೀಬೇಕಾ?”

“ಭರತನಾಟ್ಯ ಕಲಿತವರು ಚಿಕ್ಕಪ್ಪ, ಕಾಲು ಸುಮ್ನಿರಲ್ಲ” ಎಂದೆ. ಬೇಲೂರಿಗೆ ಹೋದ ಮೇಲೆ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ತೋರಿಸಿದೆ. ಕುಣಿಯುವವಳ ಕಾಲ ಬಳಿ ಮದ್ದಳೆಯವರು ಗೇಣುದ್ದಕ್ಕೆ ಕುಗ್ಗಿ ನಿಂತು ಬಾರಿಸುತ್ತಿದ್ದಾರೆ. 1117ರ ದೇವಸ್ಥಾನ, ದೇವರ ಮನೆಯಲ್ಲಿ ಕುಣಿತ ಬೇಡ ಎಂದು ಆಗ ಯಾರೂ ತಕರಾರು ಮಾಡಿದಂತಿಲ್ಲ. ಇನ್ನು ಹೆಸರಿನ ಮಾತಿಗೆ ಬಂದರೆ, ಅಲ್ಲಿನ ಶಿಲ್ಪಿಗಳೂ ಹೆಸರು ಕೆತ್ತಿಕೊಂಡವರೇ, ಬಳ್ಳಿಗಾವೆಯ ದಾಸೋಜನಂತೆ. ಷರೀಫರು ಪದದ ಕೊನೆಗೆ ಶಿಶುನಾಳಧೀಶನ ಅಂಕಿತವಿಟ್ಟರು. ರಘು ಆಲ್ಬಮ್ಮಿಗೆ ತಮ್ಮ ಹೆಸರನ್ನೇ ಇಟ್ಟರು.

“ಅವನು ದೇವರ ಹೆಸರಿಟ್ಟ, ಇವನು ತನ್ನ ಹೆಸರಿಟ್ಟ. ವ್ಯತ್ಯಾಸ ಇಲ್ವೇನೋ?” ಎಂದರು ಚಿಕ್ಕಪ್ಪ.

ಇದೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ರಘು ಅವರ 2013ರ ಆಲ್ಬಂ ‘ಜಗ್ ಚಂಗಾ’ದಲ್ಲೂ ಷರೀಫರನ್ನು ಕೇಳಿದ ಮೇಲೆ ಆಸೆಯೊಂದು ಹುಟ್ಟಿದೆ: ನಮ್ಮ ಸೀಮೆಯ ಹೆಂಗಸರ ಸೋಬಾನೆ ಪದಗಳಿಗೂ ಇಂಥ ಗಿಟಾರಿನವನೊಬ್ಬ ಗಂಟು ಬೀಳಲಿ. ಕುಣಿದರೂ ಅಡ್ಡಿಯಿಲ್ಲ, ಚಿಕ್ಕಪ್ಪನನ್ನು ನಾನು ನೋಡಿಕೊಳ್ಳುತ್ತೇನೆ.